.270ಯೋ .30-06ಓ? ಜಿಂಕೆಯನ್ನು ‘ಎತ್ತಿ ಎಸೆಯುವ’ ಗುಂಡಿನ ಅಸಲಿ ಲೆಕ್ಕ

ಗುಂಡು ತಗುಲಿದ ಕ್ಷಣವೇ ಜಿಂಕೆ ಗಾಳಿಯಲ್ಲಿ ಹಾರಿ ನಾಲ್ಕು ಅಡಿ ಆಚೆ ಬೀಳುವ ದೃಶ್ಯವನ್ನು ನೀವು ಸಿನಿಮಾದಲ್ಲೋ, ಯಾರೋ ಕಳಿಸಿದ ವಿಡಿಯೋದಲ್ಲೋ ನೋಡಿರುತ್ತೀರಿ. ಅಮೆರಿಕದ ಬೇಟೆ ವಿಡಿಯೋಗಳ ಜೊತೆಗೆ ಬರುವ ಬರಹಗಳಲ್ಲಿ ಎರಡು ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ: .270 ವಿಂಚೆಸ್ಟರ್ ಮತ್ತು .30-06 ಸ್ಪ್ರಿಂಗ್‌ಫೀಲ್ಡ್. ಒಂದು ಗುಂಪು ‘ಇದೇ ರಾಜ’ ಅನ್ನುತ್ತದೆ, ಇನ್ನೊಂದು ‘ಅದು ತಗುಲಿದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ’ ಅನ್ನುತ್ತದೆ. ಈ ಜಗಳಕ್ಕೆ ಹೆಚ್ಚು ಕಡಿಮೆ ನೂರು ವರ್ಷ ವಯಸ್ಸು. ಅಷ್ಟು ವರ್ಷ ಜಗಳಾಡಿದರೂ ಇತ್ಯರ್ಥವಾಗಿಲ್ಲ ಅಂದರೆ, ಬಹುಶಃ ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದಾರೆ ಅನ್ನುವುದು ನಮ್ಮ ಅನುಮಾನ.

ಮೊದಲು ಅಂಕಿಯ ಗೊಂದಲ ಬಗೆಹರಿಸೋಣ. 270 ಅನ್ನುವುದು 30ಕ್ಕಿಂತ ಒಂಬತ್ತು ಪಟ್ಟು ದೊಡ್ಡದು ಎಂದುಕೊಳ್ಳುವವರಿದ್ದಾರೆ. ಹಿಂದಿನ ಚುಕ್ಕೆಯನ್ನು ಮರೆಯಬಾರದು. ಕ್ಯಾಲಿಬರ್ ಅಂದರೆ ನಳಿಕೆಯ ಒಳಗಿನ ಅಗಲ, ಇಲ್ಲಿ ಅದನ್ನು ಇಂಚಿನಲ್ಲಿ ಹೇಳಿದ್ದಾರೆ. .270 ಅಂದರೆ ಒಂದು ಇಂಚಿನ ಸಾವಿರದಲ್ಲಿ 270 ಭಾಗ. .30 ಅಂದರೆ ಸಾವಿರದಲ್ಲಿ 300 ಭಾಗ. ಹಾಗಾಗಿ .30-06ರದ್ದೇ ದೊಡ್ಡ ಗುಂಡು. ಆದರೆ ಎಷ್ಟು ದೊಡ್ಡದು? ಗುಂಡನ್ನೇ ಅಳೆದರೆ ಮೊದಲನೆಯದು 7.04 ಮಿಲಿಮೀಟರ್, ಎರಡನೆಯದು 7.82 ಮಿಲಿಮೀಟರ್. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಆ ‘06’ ಅಳತೆಯೇ ಅಲ್ಲ, ಅದು ಇಸವಿ. 1906ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ತೋಟಾ ಆದ್ದರಿಂದ ಆ ಹೆಸರು. ಅಲ್ಲಿನವರು ಅದನ್ನು ‘ಥರ್ಟಿ ಆಟ್ ಸಿಕ್ಸ್’ ಎನ್ನುತ್ತಾರೆ.

ಒಂದೇ ಮನೆಯ ಅಣ್ಣ ತಮ್ಮ

ಈ ಎರಡು ತೋಟಾಗಳು ಬದ್ಧ ವೈರಿಗಳಂತೆ ಕಂಡರೂ ಒಂದೇ ವಂಶದವು. ಅಮೆರಿಕದ ಸೈನ್ಯ 1903ರಲ್ಲಿ ಉದ್ದನೆಯ, ದುಂಡು ಮೂತಿಯ ಭಾರದ ಗುಂಡಿನ ತೋಟಾ ತಂದಿತ್ತು. ಅಷ್ಟರಲ್ಲಿ ಜರ್ಮನಿ ಚೂಪು ಮೂತಿಯ ಹಗುರ ಗುಂಡಿಗೆ ಬದಲಾಯಿತು. ಗಾಳಿಯನ್ನು ಸೀಳಿಕೊಂಡು ಹೋಗುವ ಆ ಗುಂಡು ಹೆಚ್ಚು ವೇಗವಾಗಿ, ಹೆಚ್ಚು ನೇರವಾಗಿ ಹೋಗುತ್ತಿತ್ತು. ಅದನ್ನು ನೋಡಿ ಅಮೆರಿಕವೂ ತನ್ನದನ್ನು ತಿದ್ದಿಕೊಂಡಿತು. ಹಾಗೆ ಹುಟ್ಟಿದ್ದು .30-06. ಎರಡು ಮಹಾಯುದ್ಧಗಳಲ್ಲಿ ಸೈನಿಕರು ಹೊತ್ತದ್ದು ಇದನ್ನೇ. ಯುದ್ಧ ಮುಗಿಸಿ ಊರಿಗೆ ಬಂದವರು ಕೈಗೆ ಪಳಗಿದ ಅದೇ ತೋಟಾವನ್ನು ಬೇಟೆಗೂ ಬಳಸಿದರು. ಹೆಮಿಂಗ್ವೇ 1930ರ ದಶಕದಲ್ಲಿ ಆಫ್ರಿಕಾಕ್ಕೆ ಹೊತ್ತೊಯ್ದದ್ದೂ ಇದೇ ತೋಟಾದ ಸ್ಪ್ರಿಂಗ್‌ಫೀಲ್ಡ್ ರೈಫಲನ್ನು.

1925ರಲ್ಲಿ ವಿಂಚೆಸ್ಟರ್ ಕಂಪನಿ ತನ್ನ ಮಾಡೆಲ್ 54 ರೈಫಲ್ ಜೊತೆ .270 ಅನ್ನು ಮಾರುಕಟ್ಟೆಗೆ ತಂದಿತು. ಮಾಡಿದ ಕೆಲಸ ಸರಳ. ಅದೇ ಸೈನಿಕ ತೋಟಾದ ಹಿತ್ತಾಳೆ ಚಿಪ್ಪಿನ ಕುತ್ತಿಗೆಯನ್ನು ಕಿರಿದಾಗಿಸಿ, ಸಣ್ಣ ಗುಂಡು ಕೂರಿಸಿತು. ಮದ್ದು ಹೆಚ್ಚು ಕಡಿಮೆ ಅಷ್ಟೇ, ತಳ್ಳಬೇಕಾದ ಗುಂಡು ಹಗುರ. ವೇಗ ಹೆಚ್ಚದೆ ಇನ್ನೇನಾಗುತ್ತದೆ?

(ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇವೆ. ವಂಶ ಒಂದೇ ಅಂದಮಾತ್ರಕ್ಕೆ ಒಂದರ ತೋಟಾವನ್ನು ಇನ್ನೊಂದರ ರೈಫಲ್‌ಗೆ ಹಾಕುವಂತಿಲ್ಲ. ನಳಿಕೆಯ ಮೇಲೆ ಕೆತ್ತಿರುವ ಹೆಸರು, ತೋಟಾದ ಹಿಂಭಾಗದಲ್ಲಿರುವ ಹೆಸರು ಎರಡೂ ಅಕ್ಷರಶಃ ಹೊಂದಬೇಕು. ಇಲ್ಲದಿದ್ದರೆ ರೈಫಲ್ ಸಿಡಿದು ಹೊಡೆಯುವವರ ಮುಖಕ್ಕೇ ಬರಬಹುದು.)

.270ಗೆ ಹೆಸರು ತಂದದ್ದು ವಿಂಚೆಸ್ಟರ್‌ನ ಜಾಹೀರಾತಿಗಿಂತ ಹೆಚ್ಚಾಗಿ ಒಬ್ಬ ಬರಹಗಾರ. ಜಾಕ್ ಓಕಾನರ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದವರು, ಮುಂದೆ ‘ಔಟ್‌ಡೋರ್ ಲೈಫ್’ ಪತ್ರಿಕೆಯ ಬಂದೂಕು ವಿಭಾಗದ ಸಂಪಾದಕರಾದರು. ಬೆಟ್ಟದ ಕುರಿಗಳ ಹಿಂದೆ ಈ ರೈಫಲ್ ಹಿಡಿದು ಅಲೆದು ದಶಕಗಳ ಕಾಲ ಅದರ ಬಗ್ಗೆ ಬರೆದರು. ಎದುರು ಬದಿಯಲ್ಲಿ ಇಡಾಹೋದ ಎಲ್ಮರ್ ಕೀತ್. ದೊಡ್ಡ, ಭಾರದ, ನಿಧಾನದ ಗುಂಡೇ ಗುಂಡು ಅನ್ನುವ ಪಂಥದವರು. ಇಬ್ಬರ ವಾಗ್ವಾದ ಪತ್ರಿಕೆಗಳಲ್ಲಿ ವರ್ಷಾನುಗಟ್ಟಲೆ ನಡೆಯಿತು, ಓದುಗರು ಎರಡು ಪಕ್ಷವಾದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇಬ್ಬರೂ ಇನ್‌ಫ್ಲುಯೆನ್ಸರ್‌ಗಳು. ನಮಗೆ ಸ್ವಾರಸ್ಯ ಅನ್ನಿಸಿದ ಸಂಗತಿ ಬೇರೆ: ಓಕಾನರ್ ಅವರ ಹೆಂಡತಿ ಎಲಿನಾರ್ ಕೂಡ ನುರಿತ ಬೇಟೆಗಾರ್ತಿ. ಆಕೆ ಹೆಚ್ಚಾಗಿ ಬಳಸಿದ್ದು ಈ ಎರಡಕ್ಕಿಂತಲೂ ಮೆದುವಾದ, ಹಳೆಯ 7 ಮಿಲಿಮೀಟರ್ ಮೌಸರ್ ತೋಟಾವನ್ನು.

ಗುಂಡು ಪ್ರಾಣಿಯನ್ನು ಎತ್ತಿ ಎಸೆಯುತ್ತದೆಯೇ?

ಇಲ್ಲ. ಇದಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಒಂದು ವಸ್ತು ಇನ್ನೊಂದನ್ನು ಎಷ್ಟು ತಳ್ಳಬಲ್ಲದು ಎಂಬುದನ್ನು ಹೇಳುವುದು ಸಂವೇಗ, ಅಂದರೆ ತೂಕ ಗುಣಿಸು ವೇಗ. .30-06ರ ಸಾಮಾನ್ಯ ಬೇಟೆ ಗುಂಡು 180 ಗ್ರೇನ್ ಇರುತ್ತದೆ, ಅಂದರೆ ಸುಮಾರು 11.7 ಗ್ರಾಂ. ನಳಿಕೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 823 ಮೀಟರ್. ಗುಣಿಸಿದರೆ 9.6. ಬುಮ್ರಾ ಎಸೆಯುವ ಗಂಟೆಗೆ 140 ಕಿಲೋಮೀಟರ್ ವೇಗದ, 160 ಗ್ರಾಂ ತೂಕದ ಚೆಂಡಿನ ಸಂವೇಗವನ್ನು ಇದೇ ಲೆಕ್ಕದಲ್ಲಿ ತೆಗೆದರೆ 6.2. ಅಂದರೆ ಈ ಭಯಂಕರ ಗುಂಡಿನ ‘ತಳ್ಳುವ ಬಲ’ ಕ್ರಿಕೆಟ್ ಚೆಂಡಿನ ಒಂದೂವರೆ ಪಟ್ಟು, ಅಷ್ಟೇ. ಚೆಂಡು ಎದೆಗೆ ಬಡಿದ ಬ್ಯಾಟ್ಸ್‌ಮನ್ ನೋವಿನಿಂದ ಬಗ್ಗಬಹುದು, ಆದರೆ ಸ್ಟಂಪ್ ದಾಟಿ ಹಾರಿಹೋದದ್ದನ್ನು ಯಾರೂ ನೋಡಿಲ್ಲ.

70 ಕಿಲೋ ತೂಕದ ಜಿಂಕೆಯೊಳಗೆ ಆ ಗುಂಡು ಪೂರ್ತಿ ನಿಂತುಹೋಯಿತು ಎಂದುಕೊಂಡರೂ, ಜಿಂಕೆಗೆ ಸಿಗುವ ವೇಗ ಸೆಕೆಂಡಿಗೆ 14 ಸೆಂಟಿಮೀಟರ್. ಗಂಟೆಗೆ ಅರ್ಧ ಕಿಲೋಮೀಟರ್! .270ರ 130 ಗ್ರೇನ್ ಗುಂಡಿಗೆ ಇದೇ ಲೆಕ್ಕ ಹಾಕಿದರೆ 11 ಸೆಂಟಿಮೀಟರ್. ಗುಂಡು ದೇಹವನ್ನು ತೂರಿಕೊಂಡು ಆಚೆ ಹೋದರೆ ಇದಕ್ಕಿಂತಲೂ ಕಡಿಮೆ. ಇನ್ನೊಂದು ಬದಿಯಿಂದ ಯೋಚಿಸಿ: ಗುಂಡು ಮುಂದಕ್ಕೆ ಹೋಗುವಾಗ ರೈಫಲ್ ಹೆಗಲಿಗೆ ಒದೆಯುತ್ತದೆ. ಆ ಒದೆತದ ಸಂವೇಗ ಗುಂಡಿನ ಸಂವೇಗಕ್ಕಿಂತ ಹೆಚ್ಚೇ, ಏಕೆಂದರೆ ಹೊರನುಗ್ಗುವ ಅನಿಲದ ಪಾಲೂ ಅದರಲ್ಲಿ ಸೇರುತ್ತದೆ. ಜಿಂಕೆ ಹಾರಿ ಬೀಳುವುದಾದರೆ, ಟ್ರಿಗರ್ ಒತ್ತಿದವರು ಅದಕ್ಕೂ ಮೊದಲು ಹಾರಿ ಬೀಳಬೇಕಿತ್ತು.

ಹಾಗಾದರೆ ಗುಂಡು ಕೊಲ್ಲುವುದು ಹೇಗೆ? ಚೆಂಡಿಗೂ ಗುಂಡಿಗೂ ಸಂವೇಗ ಹತ್ತಿರ ಇದ್ದರೂ ಚಲನ ಶಕ್ತಿ ಹತ್ತಿರವಿಲ್ಲ. ಚೆಂಡಿನದು ಸುಮಾರು 120 ಜೂಲ್, ಈ ಗುಂಡಿನದು ಸುಮಾರು 3,950 ಜೂಲ್. ಆ ಶಕ್ತಿ ಹೆಬ್ಬೆರಳ ಉಗುರಿಗಿಂತ ಚಿಕ್ಕ ಜಾಗದಲ್ಲಿ ಇಳಿಯುತ್ತದೆ, ದೇಹವನ್ನು ತಳ್ಳುವುದರಲ್ಲಲ್ಲ, ಒಳಗಿನ ಅಂಗಗಳನ್ನು ಹರಿಯುವುದರಲ್ಲಿ ಖರ್ಚಾಗುತ್ತದೆ. ಹೃದಯ, ಶ್ವಾಸಕೋಶ ಹರಿದರೆ ರಕ್ತ ಸೋರಿ ಮೆದುಳಿಗೆ ಆಮ್ಲಜನಕ ನಿಲ್ಲುತ್ತದೆ. ಆದರೆ ಅದು ಆ ಕ್ಷಣವೇ ಆಗುವುದಿಲ್ಲ. ಮೆದುಳಿನಲ್ಲಿ ಉಳಿದ ಆಮ್ಲಜನಕ ಹತ್ತು ಸೆಕೆಂಡಿನ ಆಸುಪಾಸು ನಡೆಸುತ್ತದೆ. ಗಂಟೆಗೆ 50 ಕಿಲೋಮೀಟರ್ ಓಡಬಲ್ಲ ಜಿಂಕೆ ಆ ಹತ್ತು ಸೆಕೆಂಡಿನಲ್ಲಿ ನೂರು ಮೀಟರ್ ದಾಟುತ್ತದೆ. ಹೃದಯ ಛಿದ್ರವಾದ ಜಿಂಕೆ ಓಡಿಹೋಗುವುದು ಪವಾಡವೂ ಅಲ್ಲ, ಗುಂಡಿನ ದೋಷವೂ ಅಲ್ಲ.

ನಿಂತಲ್ಲೇ ಕುಸಿಯುವುದೂ ಉಂಟು. ಬೆನ್ನುಹುರಿಗೆ ಪೆಟ್ಟು ಬಿದ್ದಾಗ, ಮುಂಭುಜದ ಮೂಳೆಗಳು ಮುರಿದಾಗ ಕಾಲು ಕೆಲಸ ಮಾಡುವುದಿಲ್ಲ. ಮನುಷ್ಯರ ನೆನಪಿನ ಚಾಳಿ ಏನೆಂದರೆ, ಅಂಥ ಒಂದೆರಡು ಘಟನೆಗಳನ್ನು ಮಾತ್ರ ನೆನಪಿಟ್ಟುಕೊಂಡು, ಅದರ ಕೀರ್ತಿಯನ್ನು ಕೈಯಲ್ಲಿದ್ದ ರೈಫಲ್‌ಗೆ ಕೊಟ್ಟುಬಿಡುವುದು.

ಲೆಕ್ಕ ಇಟ್ಟವರು ಕಂಡದ್ದು

ಅಮೆರಿಕದ ದಕ್ಷಿಣ ಕೆರೊಲಿನಾದ ವನ್ಯಜೀವಿ ಇಲಾಖೆ ಒಂದು ಬೇಟೆ ಕ್ಲಬ್ಬಿನಲ್ಲಿ ಬಿದ್ದ ಸುಮಾರು 500 ಬಿಳಿಬಾಲದ ಜಿಂಕೆಗಳ ಲೆಕ್ಕ ಇಟ್ಟಿತು. ಯಾವ ಕ್ಯಾಲಿಬರ್, ಎಷ್ಟು ದೂರದಿಂದ, ಎಲ್ಲಿ ತಗುಲಿತು, ಬಳಿಕ ಎಷ್ಟು ದೂರ ಓಡಿತು ಎಂಬುದನ್ನೆಲ್ಲ ಬರೆದಿಟ್ಟಿತು. ಬಿಳಿಬಾಲದ ಜಿಂಕೆ ಅಂದರೆ ಹೆಚ್ಚು ಕಡಿಮೆ ನಮ್ಮ ನಾಗರಹೊಳೆಯ ಚುಕ್ಕೆ ಜಿಂಕೆಯ ಗಾತ್ರ, ದೊಡ್ಡ ಗಂಡು ಅದಕ್ಕಿಂತ ಭಾರ. ಬಿದ್ದವುಗಳಲ್ಲಿ ಸುಮಾರು ಅರ್ಧ ನಿಂತಲ್ಲೇ ಕುಸಿದವು, ಉಳಿದವು ಸರಾಸರಿ 62 ಗಜ ಓಡಿದವು. .24ರಿಂದ .30ರವರೆಗೆ ಕ್ಯಾಲಿಬರ್‌ಗಳನ್ನು ಗುಂಪು ಮಾಡಿ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಎರಡು ಕಡೆ. ಒಂದು, ಗುಂಡು ಎಲ್ಲಿ ಬಿತ್ತು: ಭುಜಕ್ಕೆ ಬಿದ್ದವು ಕೆಲವೇ ಗಜ, ಹೊಟ್ಟೆಗೆ ಬಿದ್ದವು ಬಹುದೂರ. ಇನ್ನೊಂದು, ಗುಂಡು ಎಂಥದ್ದು: ಬೇಗ ಅರಳುವ ಮೆದು ಗುಂಡು ತಗುಲಿದವು, ಗಟ್ಟಿ ಗುಂಡು ತಗುಲಿದವಕ್ಕಿಂತ ಕಡಿಮೆ ಓಡಿದವು.

ಗುಂಡು ಅರಳುವುದು ಅಂದರೆ? ಸೀಸದ ತಿರುಳಿಗೆ ತಾಮ್ರದ ತೆಳು ಕವಚ ಹಾಕಿ, ಮೂತಿಯನ್ನು ತೆರೆದು ಬಿಟ್ಟಿರುತ್ತಾರೆ. ದೇಹದೊಳಗೆ ಹೊಕ್ಕ ಕೂಡಲೇ ಮೂತಿ ಅಣಬೆಯಂತೆ ಬಿಚ್ಚಿಕೊಂಡು ದಾರಿ ಅಗಲ ಮಾಡುತ್ತದೆ. ಸೈನ್ಯ ಬಳಸುವ ಪೂರ್ತಿ ಕವಚದ ಗುಂಡು ಹೀಗೆ ಬಿಚ್ಚಿಕೊಳ್ಳುವುದಿಲ್ಲ, ಸೂಜಿಯಂತೆ ತೂರಿ ಹೋಗಬಹುದು, ಪ್ರಾಣಿ ಗಾಯಗೊಂಡು ನರಳುತ್ತಾ ಓಡಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಅದು ನಿಷಿದ್ಧ. ಅತಿಯಾಗಿ ಬಿಚ್ಚಿಕೊಂಡರೂ ಕಷ್ಟವೇ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ ದೊಡ್ಡ ಮೂಸ್ ಒಂದಕ್ಕೆ ಹೊಡೆದ ವೇಗದ ಗುಂಡುಗಳು ಮೇಲ್ಮೈಯಲ್ಲೇ ಪುಡಿಯಾದವು. ರೈಫಲ್ ಈ ಎರಡಕ್ಕಿಂತಲೂ ಬಲವಾದ ಮ್ಯಾಗ್ನಮ್ ಆಗಿತ್ತು! ಆತ ಬಂದೂಕು ಬದಲಿಸಲಿಲ್ಲ. ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಒಳಕ್ಕೆ ನುಗ್ಗುತ್ತದೆ. ಅದು ಇಂದಿಗೂ ಮಾರಾಟವಾಗುವ ‘ಪಾರ್ಟಿಷನ್’ ಗುಂಡು.

ಹಾಗಾದರೆ ಯಾವುದನ್ನು ಆರಿಸಿಕೊಳ್ಳುವುದು?

.270 ಪಕ್ಷದವರ ದೊಡ್ಡ ವಾದ ನೇರ ಹಾರಾಟದ್ದು. 130 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 933 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡೂ ರೈಫಲ್‌ಗಳನ್ನು 200 ಗಜಕ್ಕೆ ಗುರಿ ಹೊಂದಿಸಿ 300 ಗಜದಲ್ಲಿ ಹೊಡೆದರೆ, .30-06ರ 180 ಗ್ರೇನ್ ಗುಂಡು ಇದಕ್ಕಿಂತ ಸುಮಾರು ಎರಡು ಇಂಚು ಕೆಳಗೆ ಬೀಳುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶದ ಜಾಗ ಸುಮಾರು ಎಂಟು ಇಂಚು ಅಗಲ ಎಂದು ಬೇಟೆಗಾರರ ಲೆಕ್ಕ. ಮೂರು ಫುಟ್‌ಬಾಲ್ ಮೈದಾನದಷ್ಟು ದೂರದಲ್ಲಿ ಎರಡು ಇಂಚಿನ ಲಾಭ ಬಯಲು ಸೀಮೆಯಲ್ಲಿ ಪ್ರಾಂಗ್‌ಹಾರ್ನ್ ಹಿಂದೆ ಹೋಗುವವರಿಗೆ ಒಂದಿಷ್ಟು ಉಪಯೋಗ. ಮರಗಳ ನಡುವೆ ನೂರು ಗಜದೊಳಗೆ ಹೊಡೆಯುವವರಿಗೆ ಏನೂ ಅಲ್ಲ.

.30-06 ಪಕ್ಷದ ವಾದ ಗುಂಡಿನ ಆಯ್ಕೆಯದು. ಅದಕ್ಕೆ ಏಳು ಗ್ರಾಂನಿಂದ ಹದಿನಾಲ್ಕು ಗ್ರಾಂವರೆಗಿನ ಗುಂಡು ಸಿಗುತ್ತದೆ. ನಾಳೆ ಎಲ್ಕ್, ಮೂಸ್‌ನಂಥ ನೂರಾರು ಕಿಲೋ ತೂಕದ ಪ್ರಾಣಿಗೆ ಹೋಗುವುದಾದರೆ ಭಾರದ ಗುಂಡು ಒಳಕ್ಕೆ ಹೆಚ್ಚು ನುಗ್ಗುತ್ತದೆ. ಈ ವಾದದಲ್ಲಿ ಹುರುಳಿದೆ. ಆದರೆ ಮಧ್ಯಮ ಗಾತ್ರದ ಪ್ರಾಣಿಯ ಮಾತು ಬಂದಾಗ ಎರಡರ ಶಕ್ತಿಯೂ ಬೇಕಾದುದಕ್ಕಿಂತ ಹೆಚ್ಚೇ ಇದೆ: ಒಂದು 3,950 ಜೂಲ್, ಇನ್ನೊಂದು ಸುಮಾರು 3,660.

ಎರಡೂ ಪಕ್ಷದವರು ಜೋರಾಗಿ ಹೇಳದ ವ್ಯತ್ಯಾಸವೇ ನಮಗೆ ಮುಖ್ಯ ಅನ್ನಿಸುವುದು: ಒದೆತ. ಒಂದೇ ತೂಕದ ರೈಫಲ್‌ನಲ್ಲಿ 180 ಗ್ರೇನ್ ಗುಂಡಿನ .30-06, 130 ಗ್ರೇನ್‌ನ .270ಗಿಂತ ಸುಮಾರು ಕಾಲು ಭಾಗ ಹೆಚ್ಚು ಶಕ್ತಿಯಿಂದ ಹೆಗಲಿಗೆ ಗುದ್ದುತ್ತದೆ. ಒದೆತಕ್ಕೆ ಹೆದರಿದ ದೇಹ ಟ್ರಿಗರ್ ಒತ್ತುವ ಮುನ್ನವೇ ಕಣ್ಣು ಮುಚ್ಚುತ್ತದೆ, ಹೆಗಲು ಬಿಗಿಯುತ್ತದೆ, ಕೈ ಅದುರುತ್ತದೆ. ಅಭ್ಯಾಸವನ್ನೂ ತಪ್ಪಿಸಿಕೊಳ್ಳುತ್ತಾರೆ, ಏಕೆಂದರೆ ಇಪ್ಪತ್ತು ತೋಟಾ ಹೊಡೆದ ಮೇಲೆ ಹೆಗಲು ನೋಯುತ್ತದೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಪೆಟ್ಟು ತಿಂದ ಜಿಂಕೆ ಸಾಯಲು ಗಂಟೆಗಳೇ ಹಿಡಿಯಬಹುದು, ಎಷ್ಟೋ ಸಲ ಸಿಗುವುದೂ ಇಲ್ಲ. ‘ದೊಡ್ಡ ಗುಂಡು ಎಲ್ಲಿ ತಗುಲಿದರೂ ಬೀಳಿಸುತ್ತದೆ’ ಎಂಬ ನಂಬಿಕೆಗೆ ಬೆಲೆ ತೆರುವುದು ಆ ಪ್ರಾಣಿ.

ನಮ್ಮ ತೀರ್ಮಾನ ಕೇಳಿದರೆ: ಜಿಂಕೆ, ಪ್ರಾಂಗ್‌ಹಾರ್ನ್‌ಗೆ ಸೀಮಿತವಾಗಿ, ಹೊಸಬರ ಕೈಗೆ .270 ಒಂದು ಕೂದಲೆಳೆ ಮುಂದೆ, ಒದೆತದ ಕಾರಣಕ್ಕೆ. ಒಂದೇ ರೈಫಲ್‌ನಲ್ಲಿ ಎಲ್ಕ್, ಮೂಸ್ ಕೂಡ ಆಗಬೇಕೆಂದರೆ .30-06. ಮನೆಯಲ್ಲಿ ಅಜ್ಜನ .30-06 ಇದ್ದರೆ ಹೊಸದು ಕೊಳ್ಳುವ ಕಾರಣವೇ ಇಲ್ಲ, 150 ಗ್ರೇನ್‌ನ ಹಗುರ ಗುಂಡು ಹಾಕಿದರೆ ಎರಡೂ ಹೆಚ್ಚು ಕಡಿಮೆ ಒಂದೇ ಆಗುತ್ತವೆ.

ತಟ್ಟೆಗೆ ಬರುವ ಸೀಸ

ಫಾರ್ವರ್ಡ್‌ಗಳಲ್ಲಿ ಕಾಣದ, ಆದರೆ ಮನೆಮಂದಿಗೆಲ್ಲ ಸಂಬಂಧಪಟ್ಟ ಸಂಗತಿ ಇದು. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಾಂಸದಲ್ಲಿ ಚೆದುರುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಸದ ಗುಂಡಿನಿಂದ ಹೊಡೆದ 30 ಜಿಂಕೆಗಳ ಎಕ್ಸ್‌ರೇ ತೆಗೆದರು. ಮೂವತ್ತರಲ್ಲೂ ಲೋಹದ ಚೂರುಗಳಿದ್ದವು. ಆ ಮಾಂಸವನ್ನು ಅಂಗಡಿಗಳಲ್ಲಿ ಕೊಚ್ಚಿಸಿ ಕಟ್ಟಿಸಿದ ಪೊಟ್ಟಣಗಳಲ್ಲಿ ಸುಮಾರು ಮೂರರಲ್ಲಿ ಒಂದರಲ್ಲಿ ಚೂರು ಸಿಕ್ಕಿತು. 2008ರಲ್ಲಿ ಉತ್ತರ ಡಕೋಟಾ ರಾಜ್ಯದಲ್ಲಿ ಬಡವರಿಗೆ ದಾನ ಬಂದ ಜಿಂಕೆ ಮಾಂಸದಲ್ಲಿ ಸೀಸ ಕಂಡು, ಅದನ್ನು ಹಂಚದಂತೆ ಅಲ್ಲಿನ ಆರೋಗ್ಯ ಇಲಾಖೆ ಸೂಚಿಸಿತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ತುಸು ಹೆಚ್ಚಿರುವುದೂ ಅಲ್ಲಿನ ಪರೀಕ್ಷೆಯಲ್ಲಿ ತಿಳಿಯಿತು. ಮಕ್ಕಳ ರಕ್ತದಲ್ಲಿ ಸೀಸಕ್ಕೆ ‘ಇಷ್ಟಿದ್ದರೆ ಪರವಾಗಿಲ್ಲ’ ಎಂಬ ಸುರಕ್ಷಿತ ಮಟ್ಟವೇ ಇಲ್ಲ, ಅದು ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ.

‘ಚೆನ್ನಾಗಿ ತೊಳೆದರೆ ಹೋಗುತ್ತದೆ’ ಅನ್ನುವುದು ಸುಳ್ಳು. ತೊಳೆದರೆ ಚೂರುಗಳು ಬೇರೆ ಭಾಗಕ್ಕೂ ಹರಡಬಹುದು ಎಂದು ಮಿನೆಸೋಟಾದ ಪರೀಕ್ಷೆ ತೋರಿಸಿತು. ಬೇಯಿಸಿದರೂ ಸೀಸ ನಾಶವಾಗುವುದಿಲ್ಲ. ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯುವುದು ಒಂದು ದಾರಿ, ಆದರೆ ಚೂರುಗಳು ಒಂದು ಅಡಿಗಿಂತಲೂ ದೂರ ಹೋಗಿರಬಹುದು. ಸೀಸವೇ ಇಲ್ಲದ ತಾಮ್ರದ ಗುಂಡು ಬಳಸುವುದು ಖಚಿತ ದಾರಿ, ಅದು ಎರಡೂ ಕ್ಯಾಲಿಬರ್‌ಗಳಲ್ಲಿ ಸಿಗುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಬೇಟೆಗಾರರು ಬಿಟ್ಟುಹೋದ ಕರುಳು, ಅವಶೇಷ ತಿಂದು ಕಾಂಡೋರ್ ಎಂಬ ರಣಹದ್ದುಗಳು ಸೀಸದ ವಿಷಕ್ಕೆ ಬಲಿಯಾಗುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. 1982ರಲ್ಲಿ ಆ ಹಕ್ಕಿಗಳು ಲೋಕದಲ್ಲಿ ಉಳಿದದ್ದೇ 22.

ನಮ್ಮ ಕಡೆಯವರು ಕೇಳುವ ಪ್ರಶ್ನೆಗಳು

ಇಷ್ಟೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ, ಕ್ಯಾಲಿಬರ್ ಯಾವುದೇ ಇರಲಿ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳು ಅದಕ್ಕೂ ಹಿಂದಿನ ಕಾಲದವು.

‘ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು, ಹಾಗಾಗಿ ಬೇಟೆಯೂ ಆಡಬಹುದು’ ಎಂಬ ಮಾತು ಅರ್ಧ ಸತ್ಯ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿ ಹೊಂದುವುದಕ್ಕೆ ಕೊಟ್ಟದ್ದು, ಬೇಟೆಗೆ ಕೊಟ್ಟದ್ದಲ್ಲ.

ಅಮೆರಿಕದಲ್ಲಿ ಕೆಲಸದ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗೆಳೆಯರ ಜೊತೆ ಹೋಗುವ ಮುಂಚೆ ನಿಮ್ಮ ರಾಜ್ಯದ ನಿಯಮವನ್ನೂ ನೋಡಿಕೊಳ್ಳಿ.

ಅಲ್ಲಿಂದ ಊರಿಗೆ ಬರುವಾಗ ಬ್ಯಾಗಿನ ಮೂಲೆಮೂಲೆ ತಡಕಿ. ಬೇಟೆಗೆ ಒಯ್ದಿದ್ದ ಅದೇ ಬ್ಯಾಗಿನಲ್ಲಿ ಮರೆತುಳಿದ ಒಂದೇ ಒಂದು ಜೀವಂತ ತೋಟಾ ನಮ್ಮ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೂ ಶಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಗೊತ್ತಿಲ್ಲದೆ ಉಳಿದಿತ್ತು ಎಂದು ಒಪ್ಪಿ ನ್ಯಾಯಾಲಯಗಳು ಕೈಬಿಟ್ಟ ಪ್ರಕರಣಗಳಿವೆ, ಆದರೆ ಅಷ್ಟರೊಳಗೆ ವಿಮಾನ ಹೋಗಿರುತ್ತದೆ.